ಮರ್ರಸ್‌ಕೂ: ನವೆಂಬರಿಗೆ ಫಿನ್ನರು ಇಟ್ಟ ಹೆಸರು

ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ನವೆಂಬರಿಗೆ ಕೆಲಸಕ್ಕೆ ಸೇರಬೇಕು, ಆದರೆ ಫಿನ್ನಿಶ್‌ನಲ್ಲಿ ಆ ತಿಂಗಳ ಹೆಸರಿಗೆ ಸಾವು ಅಂತ ಅರ್ಥವಂತೆ, ಮಾರ್ಚಿಗೆ ಮುಂದೂಡಲಾ ಎಂದು ಕೇಳಿದ್ದೀರಿ. ಅರ್ಥ ನಿಜ. ಆದರೆ ಮುಂದೂಡಬೇಡಿ.

‘ಮರ್ರಸ್‌ಕೂ’ ಎರಡು ಪದ ಸೇರಿ ಆದದ್ದು. ‘ಕೂ’ ಅಂದರೆ ಚಂದ್ರನೂ ಹೌದು, ತಿಂಗಳೂ ಹೌದು. ನಮ್ಮ ‘ತಿಂಗಳು’ ಕೂಡ ಹಾಗೇ ಅಲ್ವಾ? ಬೆಳದಿಂಗಳಲ್ಲಿ ಇರುವುದು ಆ ಚಂದ್ರನೇ. ‘ಮರ್ರಸ್’ ಅಂದರೆ ಸತ್ತದ್ದು, ಸಾಯುತ್ತಿರುವುದು. ಇವತ್ತಿನ ಮಾತಿನಲ್ಲಿ ಈ ಅರ್ಥದಲ್ಲಿ ಅದರ ಬಳಕೆ ಕಡಿಮೆ, ತಿಂಗಳ ಹೆಸರಲ್ಲಿ ಉಳಿದುಕೊಂಡಿದೆ. ಫಿನ್ನಿಶ್ ಸಂಸ್ಕೃತದ ಕುಟುಂಬಕ್ಕೆ ಸೇರಿದ್ದಲ್ಲ. ಆದರೂ ಸಾವಿರಾರು ವರ್ಷಗಳ ಹಿಂದೆ ಅದರ ಮೂಲ ಭಾಷೆಯವರು ಇಂಡೋ-ಇರಾನಿಯನ್ (ಸಂಸ್ಕೃತ ಸೇರಿರುವ ಶಾಖೆ) ಭಾಷೆಯವರ ಒಡನಾಟದಲ್ಲಿದ್ದಾಗ ಪಡೆದ ಪದ ಇದು ಅಂತ ಭಾಷಾತಜ್ಞರು ಹೇಳುತ್ತಾರೆ. ಅಂದರೆ ನಾವು ದಿನಾ ಪೇಪರಲ್ಲಿ ಓದುವ ‘ಮೃತ’ಕ್ಕೂ ಈ ‘ಮರ್ರಸ್’ಗೂ ಬೇರು ಒಂದೇ! ಇಲ್ಲಿ ನೂರಕ್ಕೆ ‘ಸತ’ ಅನ್ನುತ್ತಾರೆ. ಅದೂ ನಮ್ಮ ‘ಶತ’ದ ನಂಟೇ. ಇದು ಗೊತ್ತಾದ ಮೇಲೆ ಈ ಭಾಷೆ ನನಗೆ ಪರಕೀಯ ಅನ್ನಿಸಿಲ್ಲ.

ಇನ್ನು ತಿಂಗಳ ವಿಷಯ. ಎಲೆ ಉದುರಿ ಮುಗಿದಿರುತ್ತದೆ, ಹಿಮ ಇನ್ನೂ ನೆಲದ ಮೇಲೆ ನಿಂತಿರುವುದಿಲ್ಲ. ತಿಂಗಳ ಕೊನೆಗೆ ಸೂರ್ಯ ಹುಟ್ಟುವಾಗ ಹತ್ತಿರ ಹತ್ತಿರ 9 ಗಂಟೆ, ಮುಳುಗುವಾಗ 3.30 ಕೂಡ ಆಗಿರುವುದಿಲ್ಲ. ಡಿಸೆಂಬರಿನ ಹಗಲು ಇನ್ನೂ ಚಿಕ್ಕದು, ಆದರೆ ಹಿಮ ಬಿದ್ದರೆ ಊರೇ ಬೆಳಗುತ್ತದೆ. ನನ್ನ ಲೆಕ್ಕದಲ್ಲಿ ಕಷ್ಟದ ತಿಂಗಳು ನವೆಂಬರೇ.

ಆದರೂ ಅದರಲ್ಲಿ ಒಂದು ಸಂಜೆ ಇದೆ, ತಪ್ಪಿಸಿಕೊಳ್ಳಬೇಡಿ. ಅಕ್ಟೋಬರ್ 31ರಿಂದ ನವೆಂಬರ್ 6ರೊಳಗೆ ಬರುವ ಶನಿವಾರ ಇಲ್ಲಿಯವರು ತೀರಿಕೊಂಡವರನ್ನು ನೆನೆಯುತ್ತಾರೆ. ಹಿಯೆತನಿಯೆಮಿ ಸ್ಮಶಾನಕ್ಕೆ ಹೋಗಿ ನೋಡಿ, ಸಮಾಧಿಗಳ ಮುಂದೆ ಸಾಲು ಸಾಲು ಮೇಣದಬತ್ತಿ. ಹಿಂದೆ ‘ಕೆಕ್ರಿ’ ಅಂತ ಸುಗ್ಗಿ ಹಬ್ಬ ಇತ್ತು. ಆಗ ಮನೆಯ ಹಿರಿಯರ ಆತ್ಮಗಳಿಗೆ ಊಟ ಬಡಿಸಿಟ್ಟು, ಸೌನಾ (ಹಬೆಸ್ನಾನದ ಕೋಣೆ) ಕಾಯಿಸಿಡುತ್ತಿದ್ದರು. ನಮ್ಮ ಮಹಾಲಯ ಅಮಾವಾಸ್ಯೆಯ ಎಡೆಯ ಹಾಗೆ.

ನವೆಂಬರಿಗೆ ಬಂದರೆ ಡಿಸೆಂಬರ್ 21ರ ಸುಮಾರಿಗೆ ಕತ್ತಲೆ ತುದಿ ಮುಟ್ಟಿ ಹಗಲು ಬೆಳೆಯಲು ಶುರುವಾಗುತ್ತದೆ. ಮಾರ್ಚಿನಷ್ಟರಲ್ಲಿ ಊರು, ಬಸ್ಸು, ಆಫೀಸು ಎಲ್ಲ ಅಭ್ಯಾಸವಾಗಿರುತ್ತದೆ, ಬೆಳಕಿನ ದಿನಗಳು ಪೂರ್ತಿ ನಿಮ್ಮ ಕೈಯಲ್ಲಿರುತ್ತವೆ. ಊಟದ ಹೊತ್ತಿನಲ್ಲಿ ದಿನಾ ಹೊರಗೆ ಒಂದು ಸುತ್ತು ನಡೆಯಿರಿ. ಬಂದ ವಾರವೇ ‘ಹೆಯ್ಯಸ್ತಿನ್’ ಕೊಂಡುಕೊಳ್ಳಿ. ಕೋಟಿಗೆ ತೂಗುಬಿಡುವ, ಗಾಡಿಯ ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆ ಅದು. ಕತ್ತಲಲ್ಲಿ ನಡೆಯುವಾಗ ಅದನ್ನು ಹಾಕಿಕೊಳ್ಳಿ.