ಗ್ರೀನ್ ಕಾರ್ಡಿನ ಸರದಿ ಇಷ್ಟು ಉದ್ದವಾದದ್ದು ಹೇಗೆ

ನಮಸ್ಕಾರ. ದಾವಣಗೆರೆಯಲ್ಲಿ ಬಿ.ಇ. ಮುಗಿಸಿ, ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿರುವ ನೀವು ನನಗೆ ಬರೆದು ಕೇಳಿರುವುದಿಷ್ಟು: ಎರಡು ದಶಕಗಳಿಗೂ ಮೊದಲೇ ಇಲ್ಲಿಗೆ ಬಂದ ನಿಮ್ಮ ಸೋದರಮಾವನವರಿಗೆ ಕೆಲವೇ ವರ್ಷಗಳಲ್ಲಿ ಸಿಕ್ಕ ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ಆಗಿ ಉಳಿಯುವ ಪರವಾನಗಿ, ಈಗಿನವರಿಗೆ ಯಾಕೆ ಸಿಗುತ್ತಿಲ್ಲ, ನಡುವೆ ಕಾನೂನು ಏನು ಬದಲಾಯಿತು? ಚಿತ್ರದುರ್ಗ ಬಿಟ್ಟು ಬಂದು ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾನು ತಿಳಿದ ಮಟ್ಟಿಗೆ ಹೇಳುವುದಾದರೆ, ಕಾನೂನು ಬದಲಾಗಲೇ ಇಲ್ಲ. ಸಮಸ್ಯೆ ಇರುವುದೇ ಅಲ್ಲಿ.

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1790ರ ಪೌರತ್ವ ಕಾನೂನು ಬಿಳಿಯರಿಗೆ ಮಾತ್ರ ಪೌರತ್ವದ ಹಕ್ಕು ಕೊಟ್ಟಿತ್ತು. 1882ರಲ್ಲಿ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿದರು. 1917ರಲ್ಲಿ ಏಷ್ಯಾದ ಬಹುಭಾಗವನ್ನೇ ನಿಷೇಧಿತ ವಲಯವೆಂದು ಗುರುತಿಸಿ ಭಾರತವನ್ನೂ ಅದರೊಳಗೆ ಸೇರಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಅವರ ಪೌರತ್ವದ ಮೊಕದ್ದಮೆ 1923ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಜನಾಂಗಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಭಾರತೀಯರು ಬಿಳಿಯರಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಆ ತೀರ್ಪಿನ ಬೆನ್ನಿಗೇ, ಅದಾಗಲೇ ಪೌರರಾಗಿದ್ದ ಎಷ್ಟೋ ಭಾರತೀಯರ ಪೌರತ್ವವನ್ನು ಕಿತ್ತುಕೊಳ್ಳಲಾಯಿತು. 1946ರ ಕಾನೂನಿನಿಂದ ನಿಷೇಧ ಸಡಿಲವಾಯಿತಾದರೂ ಇಡೀ ಭಾರತಕ್ಕೆ ವರ್ಷಕ್ಕೆ ಸಿಕ್ಕಿದ್ದು ನೂರು ಜನರ ಕೋಟಾ. ಆದರೂ ಅದೇ ಕಾನೂನಿನಿಂದ ಪೌರರಾದ ದಲೀಪ್ ಸಿಂಗ್ ಸೌಂಡ್ ಅವರು 1956ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು.

ನಿಮಗೂ ನನಗೂ ಬಾಗಿಲು ತೆರೆದದ್ದು 1965ರ ಕಾನೂನು. ಅಧ್ಯಕ್ಷ ಜಾನ್ಸನ್ ಅವರು ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕುಳಿತು ಅದಕ್ಕೆ ಸಹಿ ಹಾಕಿದರು. ಯುರೋಪಿನ ಕೆಲವು ದೇಶಗಳಿಗೆ ಹೆಚ್ಚು, ಏಷ್ಯಾದವರಿಗೆ ಬೆರಳೆಣಿಕೆ ಎಂಬ ಹಳೆಯ ಕೋಟಾ ಪದ್ಧತಿಯನ್ನು ಕಿತ್ತುಹಾಕಿ, ಪೂರ್ವ ಗೋಳಾರ್ಧದ ಯಾವ ದೇಶವೇ ಆಗಲಿ, ವರ್ಷಕ್ಕೆ 20,000 ಮೀರಬಾರದೆಂದು ಒಂದೇ ಮಿತಿ ಹಾಕಿದರು. ಅಂದಿನ ಮಟ್ಟಿಗೆ ಅದು ನ್ಯಾಯವೇ. ಭಾರತದ ಡಾಕ್ಟರುಗಳು, ಎಂಜಿನಿಯರುಗಳು ಬರತೊಡಗಿದ್ದು ಆಗಿನಿಂದಲೇ.

1990ರ ಕಾನೂನು ಈ ಸಮಾನತೆಯನ್ನು ಶೇಕಡಾ ಲೆಕ್ಕಕ್ಕೆ ತಂದಿತು. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳು ವರ್ಷಕ್ಕೆ 1,40,000. ಯಾವ ದೇಶಕ್ಕೂ ಶೇ. 7ಕ್ಕಿಂತ ಹೆಚ್ಚಿಲ್ಲ, ಅಂದರೆ ಭಾರತಕ್ಕೆ ಸುಮಾರು 9,800. ಹೆಂಡತಿ, ಮಕ್ಕಳು ಕೂಡ ಇದರಲ್ಲೇ ಎಣಿಕೆಯಾಗುತ್ತಾರೆ. ಬೇರೆ ದೇಶದವರು ಬಳಸದೆ ಉಳಿದದ್ದಿದ್ದರೆ ಅದಷ್ಟು ಹೆಚ್ಚುವರಿ. ನಮ್ಮ ದಾವಣಗೆರೆ ಎಪಿಎಂಸಿಯಲ್ಲಿ ಸಣ್ಣ ಹಳ್ಳಿಗೂ ದೊಡ್ಡ ಹೋಬಳಿಗೂ ತಲಾ ಇಂತಿಷ್ಟೇ ಚೀಲ ಮೆಕ್ಕೆಜೋಳ ತೂಗುತ್ತೇವೆಂದು ಹಟ ಹಿಡಿದರೆ ಹೇಗಿರುತ್ತದೋ ಹಾಗೆ: ಹೆಚ್ಚು ಬೆಳೆದ ಊರಿನ ಗಾಡಿಗಳು ಮಾತ್ರ ಗೇಟಿನಾಚೆ ನಿಂತೇ ಇರುತ್ತವೆ.

ಅದೇ 1990ರ ಕಾನೂನು, ಪರಿಣತ ಕೆಲಸಗಾರರಿಗೆ ಕೊಡುವ ತಾತ್ಕಾಲಿಕ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ 65,000ದ ಮಿತಿಯನ್ನೂ ಇಟ್ಟಿತು. ಸಾಫ್ಟ್‌ವೇರಿನ ಭರಾಟೆಯಲ್ಲಿ ಆ ಮಿತಿಯನ್ನು 2001ರಿಂದ 2003ರವರೆಗೆ 1,95,000ಕ್ಕೆ ಏರಿಸಿ, ಆಮೇಲೆ ಇಳಿಸಿ, 2004ರ ಕಾನೂನಿನಿಂದ ಇಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆಂದು 20,000 ಸೇರಿಸಿದರು. ತಾತ್ಕಾಲಿಕವಾಗಿ ಕೆಲಸಕ್ಕೆ ಕರೆಸಿಕೊಳ್ಳುವ ಬಾಗಿಲನ್ನು ಹೀಗೆ ಬೇಕಾದಾಗ ಹಿಗ್ಗಿಸಿದವರು ಕಾಯಂ ಉಳಿಯುವ ಬಾಗಿಲನ್ನು ಮಾತ್ರ ಮುಟ್ಟಲಿಲ್ಲ. ಎಚ್-1ಬಿ ಪಡೆಯುವವರಲ್ಲಿ ಹತ್ತಕ್ಕೆ ಏಳು ಮಂದಿ ಭಾರತೀಯರಾಗಿರುವಾಗ ಫಲಿತಾಂಶ ಏನೆಂದು ಬಿಡಿಸಿ ಹೇಳಬೇಕಿಲ್ಲ. 2000ದ ಕಾನೂನು ಹಿಂದಿನ ವರ್ಷಗಳಲ್ಲಿ ಬಳಕೆಯಾಗದ ಸಂಖ್ಯೆಗಳನ್ನು ಮರಳಿ ಒದಗಿಸಿದ್ದರಿಂದ ಕೆಲವು ಕಾಲ ಸರದಿಯೇ ಇರಲಿಲ್ಲ. ನಿಮ್ಮ ಸೋದರಮಾವನವರೂ ನಾನೂ ದಾಟಿದ್ದು ಆ ಸಂದಿನಲ್ಲಿ. ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ. 2005ರಿಂದ ಭಾರತದವರ ಸರದಿ ಹಿಂದೆ ಬೀಳತೊಡಗಿತು.

ಸರದಿ ಎಲ್ಲಿಗೆ ಬಂದಿದೆಯೆಂದು ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ಪ್ರಕಟಿಸುವ ವೀಸಾ ಬುಲೆಟಿನ್ ಅನ್ನು ನೀವೇ ಒಮ್ಮೆ ತೆರೆದು ನೋಡಿ. ಹೆಚ್ಚಿನ ದೇಶಗಳಿಗೆಲ್ಲ ಸೇರಿ ಒಂದು ಕಾಲಂ, ಭಾರತಕ್ಕೆ ಪ್ರತ್ಯೇಕ ಕಾಲಂ. 2025ರ ಅಕ್ಟೋಬರಿನಲ್ಲಿ ಇಬಿ-2 ಸಾಲಿನ (ಸ್ನಾತಕೋತ್ತರ ಪದವೀಧರರ ವರ್ಗ) ಭಾರತದ ತಾರೀಖು 2013ರಲ್ಲೇ ಇತ್ತು, ಅಂದರೆ 2013ರ ಹೊತ್ತಿಗೆ ಸರದಿ ಹಿಡಿದವರಿಗೆ ಆಗ ಕಾರ್ಡ್ ಸಿಗುತ್ತಿತ್ತು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಈ ಪುಟವನ್ನು ಪಂಚಾಂಗದ ಹಾಗೆ ನೋಡುತ್ತಾರೆ, ಏಕೆಂದರೆ ಅವರ ಮಗಳಿಗೆ 21 ತುಂಬಿದ ಮೇಲೆ ತಂದೆಯ ಅರ್ಜಿಯಿಂದ ಅವಳ ಹೆಸರು ಬಿದ್ದುಹೋಗಬಹುದು. ಇನ್ನೊಂದು ಮಾತು: ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ, ಪಾಸ್‌ಪೋರ್ಟ್ ಅಲ್ಲ. ನಾಳೆ ನೀವು ಕೆನಡಾದ ಪೌರರಾಗಿ ಅರ್ಜಿ ಹಾಕಿದರೂ ದಾವಣಗೆರೆ ಮಹಾನಗರ ಪಾಲಿಕೆಯ ಜನನ ಪ್ರಮಾಣಪತ್ರವೇ ನಿಮ್ಮನ್ನು ಭಾರತದ ಕಾಲಂನಲ್ಲಿ ನಿಲ್ಲಿಸುತ್ತದೆ.

ದೇಶವಾರು ಮಿತಿಯನ್ನು ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ 365-65 ಮತಗಳಿಂದ ಅಂಗೀಕಾರವಾಯಿತು. 2020ರ ಡಿಸೆಂಬರಿನಲ್ಲಿ ಸೆನೆಟ್ ಬೇರೆ ರೂಪದಲ್ಲಿ ಒಪ್ಪಿತು. ಎರಡನ್ನೂ ಹೊಂದಿಸುವಷ್ಟರಲ್ಲಿ ಆ ಸಂಸತ್ತಿನ ಅವಧಿಯೇ ಮುಗಿಯಿತು. ಹಾಗಾಗಿ ಐದಾರು ವರ್ಷದಲ್ಲಿ ಗ್ರೀನ್ ಕಾರ್ಡ್ ಕೈಗೆ ಬರುತ್ತದೆಂದು ಯಾವ ಕನ್ಸಲ್ಟೆನ್ಸಿಯವರೇ ಹೇಳಲಿ, ಬುಲೆಟಿನ್ನಿನ ಭಾರತದ ಕಾಲಂ ತೋರಿಸಿ ಎಂದು ಕೇಳಿ.

ಈಗಿನ ನಿಯಮಗಳ ಪ್ರಕಾರ ಓದಿನ ನಂತರ 12 ತಿಂಗಳು, ನಿಮ್ಮ ವಿಷಯ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮೇಲೆ 24 ತಿಂಗಳು ಕೆಲಸ ಮಾಡಲು ಅವಕಾಶವಿದೆ. ಅದರಾಚೆಗೆ ಎಚ್-1ಬಿ ಲಾಟರಿ. 2025ರ ಸೆಪ್ಟೆಂಬರಿನಲ್ಲಿ, ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕವನ್ನೂ ಘೋಷಿಸಿದ್ದಾರೆ. ತಂದೆಯವರು ಸೈಟಿನ ಮೇಲೆ ಎತ್ತುತ್ತಿರುವ ಸಾಲ ಈ ಮೂರು ವರ್ಷದ ದುಡಿಮೆಯಲ್ಲೇ ತೀರುವಂತಿದ್ದರೆ ಮಾತ್ರ ಹೊರಡಿ. ಕೆಲಸ ಸಿಕ್ಕ ಮೇಲೆ, ಗ್ರೀನ್ ಕಾರ್ಡ್ ಪ್ರಕ್ರಿಯೆಯನ್ನು ಯಾವಾಗ ಆರಂಭಿಸುತ್ತೀರೆಂದು ಕಂಪನಿಯನ್ನು ಮೊದಲ ವರ್ಷವೇ ಕೇಳಿ. ಸರದಿಯಲ್ಲಿ ನಿಮ್ಮ ಸ್ಥಾನವನ್ನು ನಿರ್ಧರಿಸುವುದು ಅದಕ್ಕಾಗಿ ಕಂಪನಿಯ ಅರ್ಜಿ ದಾಖಲಾದ ತಾರೀಖು. ಐ-140, ಅಂದರೆ ನಿಮ್ಮ ಪರವಾಗಿ ಕಂಪನಿ ವಲಸೆ ಇಲಾಖೆಗೆ ಸಲ್ಲಿಸುವ ಅರ್ಜಿ, ಒಪ್ಪಿಗೆಯಾದ ಮೇಲೆ ಕಂಪನಿ ಬದಲಿಸಿದರೂ ಆ ತಾರೀಖು ಸಾಮಾನ್ಯವಾಗಿ ನಿಮ್ಮದಾಗಿಯೇ ಉಳಿಯುತ್ತದೆ.