ಆ ಸೀಟು ಯಾರದ್ದು ಅಂತ ಮೊದಲು ಹೇಳಿ

ನಮಸ್ಕಾರ.

ಪಾಕಿಸ್ತಾನದ ವಿದೇಶಾಂಗ ಸಚಿವೆಯಾಗಿದ್ದ ಹಿನಾ ರಬ್ಬಾನಿ ಖರ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಒಂದು ಸಾಲು ಬರೆದು ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಆ ದೇಶದ ರಾಜಕಾರಣದಲ್ಲಿ ಬೇನಜೀರ್ ಭುಟ್ಟೊ ಬಿಟ್ಟರೆ ಇನ್ನೊಬ್ಬ ಹೆಣ್ಣುಮಗಳ ಹೆಸರು ನಮ್ಮ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲ. ನೀವು ಹಿಡಿದಿರುವ ವಿಷಯ ಒಳ್ಳೆಯದು. ಅದಕ್ಕೇ ಸ್ವಲ್ಪ ಉದ್ದವಾಗಿ, ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಸಾಲು, "ಸೌಂದರ್ಯ ಮತ್ತು ಬುದ್ಧಿವಂತಿಕೆ ಎರಡೂ ಮೇಳೈಸಿದ ದಿಟ್ಟ ಮಹಿಳೆ." ಇದನ್ನು ತೆಗೆದುಬಿಡಿ. ಆಮೇಲಿನ ಇಡೀ ಪ್ಯಾರಾ 2011ರ ಜುಲೈಯಲ್ಲಿ ಅವರು ದೆಹಲಿಗೆ ಬಂದಾಗ ಕೈಯಲ್ಲಿದ್ದ ಬ್ಯಾಗು, ಕೂಲಿಂಗ್ ಗ್ಲಾಸು, ಮುತ್ತಿನ ಸರದ ವರ್ಣನೆ. ಆ ವಾರ ನಮ್ಮ ಟಿವಿ ಚಾನೆಲ್‌ಗಳು ತೋರಿಸಿದ್ದೂ ಇದನ್ನೇ. ಇಷ್ಟು ವರ್ಷದ ಮೇಲೆ ನೀವೂ ಅದನ್ನೇ ತೋರಿಸಿದರೆ ಓದುಗರಿಗೆ ಏನು ಸಿಕ್ಕಿತು?

ಆ ಎರಡು ದಿನಗಳಲ್ಲಿ ನಡೆದದ್ದು ಬೇರೆಯೇ ಇದೆ. ಸಚಿವೆಯಾಗಿ ಪ್ರಮಾಣವಚನ ತೆಗೆದುಕೊಂಡು ಆಗಿನ್ನೂ ಒಂದು ವಾರ. ಭಾರತ ಸರ್ಕಾರದ ಜೊತೆ ಮಾತಿಗೆ ಕೂರುವ ಮೊದಲೇ ಅವರು ಪಾಕಿಸ್ತಾನ ಹೈಕಮಿಷನ್‌ನಲ್ಲಿ ಕಾಶ್ಮೀರದ ಪ್ರತ್ಯೇಕತಾವಾದಿ ಸಂಘಟನೆ ಹುರಿಯತ್‌ನ ನಾಯಕರಾದ ಗಿಲಾನಿ ಮತ್ತು ಮೀರ್‌ವಾಯಿಜ್ ಅವರನ್ನು ಭೇಟಿಯಾದರು. ದೆಹಲಿಗೆ ಅದು ಹಿಡಿಸಲಿಲ್ಲ. ಆಕ್ಷೇಪವೂ ಬಂತು. ಆದರೂ ಮಾರನೇ ದಿನದ ಮಾತುಕತೆ ಮುರಿದುಬೀಳಲಿಲ್ಲ. ಕಾಶ್ಮೀರದ ನಿಯಂತ್ರಣ ರೇಖೆಯ ಎರಡೂ ಕಡೆಯ ವ್ಯಾಪಾರವನ್ನು ವಾರಕ್ಕೆ ಎರಡು ದಿನದಿಂದ ನಾಲ್ಕು ದಿನಕ್ಕೆ ಏರಿಸಲು ಒಪ್ಪಿಗೆಯಾಯಿತು. ಇದು ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಬ್ಯಾಗಿನ ಬೆಲೆ ಮಾತ್ರ ಎರಡು ಕಡೆ ಇದೆ.

ಅವರ ಎದುರು ಕೂತಿದ್ದವರನ್ನು ನೀವು "ಭಾರತದ ವಿದೇಶಾಂಗ ಸಚಿವರು" ಎಂದಷ್ಟೇ ಕರೆದಿದ್ದೀರಿ. ಅವರು ಎಸ್.ಎಂ. ಕೃಷ್ಣ ಅಲ್ವಾ! ಕನ್ನಡದಲ್ಲಿ ಬರೆಯುವಾಗ ಆ ಹೆಸರು ಬಿಟ್ಟುಹೋಗಬಾರದಿತ್ತು. 1962ರಲ್ಲಿ ಮದ್ದೂರಿನಿಂದ ಗೆದ್ದು ವಿಧಾನಸಭೆಗೆ ಬಂದವರು, ನಮ್ಮ ಮುಖ್ಯಮಂತ್ರಿಯಾಗಿದ್ದವರು. ಹಿನಾ ಹುಟ್ಟಿದ್ದೇ 1977ರಲ್ಲಿ. ಒಬ್ಬರಿಗೆ 79, ಇನ್ನೊಬ್ಬರಿಗೆ ಇನ್ನೂ 34 ತುಂಬಿರಲಿಲ್ಲ. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಕೃಷ್ಣ ಇಸ್ಲಾಮಾಬಾದಿಗೆ ಹೋದರು. ವೀಸಾ ನಿಯಮಗಳನ್ನು ಸಡಿಲಿಸುವ ಒಪ್ಪಂದಕ್ಕೆ ಅಲ್ಲಿ ಸಹಿ ಬಿತ್ತು. 65 ದಾಟಿದ ಹಿರಿಯರಿಗೆ ಅಟ್ಟಾರಿ-ವಾಘಾ ಗಡಿಯಲ್ಲೇ ವೀಸಾ ಕೊಡುವ ಮಾತು ಅದರಲ್ಲಿತ್ತು. ವಿಭಜನೆಯಲ್ಲಿ ಊರು ಬಿಟ್ಟು ಬಂದವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ. 2013ರ ಜನವರಿಯಲ್ಲಿ ಗಡಿಯಲ್ಲಿ ಸೈನಿಕರ ಹತ್ಯೆಯಾಯಿತು. ಭಾರತ ಆ ಸೌಲಭ್ಯವನ್ನು ತಡೆಹಿಡಿಯಿತು. ಅದೇ ವಾರ ನ್ಯೂಯಾರ್ಕಿನಲ್ಲಿದ್ದ ಹಿನಾ, ಭಾರತ ಯುದ್ಧದ ಮಾತಾಡುತ್ತಿದೆ ಎಂದು ದೂರಿದರು. ನಗುಮುಖದ ಫೋಟೋಗಳ ಪಕ್ಕದಲ್ಲಿ ಇದೂ ಬರಬೇಕು. ಅವರನ್ನು ಮೆಚ್ಚಿಕೊಂಡು ಬರೆಯಿರಿ, ತಪ್ಪಿಲ್ಲ. ಮೆಚ್ಚಿಗೆಗೆ ಒಗ್ಗದ್ದನ್ನು ಬಿಟ್ಟು ಬರೆಯಬೇಡಿ.

ಈಗ ದೊಡ್ಡ ತಕರಾರಿಗೆ ಬರುತ್ತೇನೆ. "ಜನಸೇವೆಯ ತುಡಿತದಿಂದ 2002ರಲ್ಲಿ ರಾಜಕೀಯಕ್ಕೆ ಧುಮುಕಿದರು" ಎಂದು ಬರೆದಿದ್ದೀರಿ. ಅವರು ಧುಮುಕಲಿಲ್ಲ. ಮನೆಯವರು ನಿಲ್ಲಿಸಿದರು. ನಿಮ್ಮ ಲೇಖನದ ಜೀವ ಇರುವುದೇ ಇಲ್ಲಿ. ಅದನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ.

ಆ ವರ್ಷ, ಆಗ ದೇಶ ಆಳುತ್ತಿದ್ದ ಜನರಲ್ ಮುಷರಫ್ ಒಂದು ನಿಯಮ ತಂದರು. ಸಂಸತ್ತಿಗೆ ನಿಲ್ಲಬೇಕಾದರೆ ಡಿಗ್ರಿ ಇರಲೇಬೇಕು. ಪಾಕಿಸ್ತಾನದ ಹಳ್ಳಿಗಾಡಿನಲ್ಲಿ ಇದರಿಂದ ದೊಡ್ಡ ದೊಡ್ಡ ಜಮೀನ್ದಾರರೇ ಚುನಾವಣೆಯಿಂದ ಹೊರಗೆ ಬಿದ್ದರು. ದಕ್ಷಿಣ ಪಂಜಾಬಿನ ಮುಜಫ್ಫರ್‌ಗಢದಲ್ಲಿ ಹಾಗೆ ಬಿದ್ದವರಲ್ಲಿ ಹಿನಾ ಅವರ ತಂದೆ ಗುಲಾಮ್ ನೂರ್ ರಬ್ಬಾನಿ ಖರ್ ಒಬ್ಬರು. ಸಿಂಧೂ ಮತ್ತು ಚಿನಾಬ್ ನದಿಗಳ ನಡುವಿನ ಜಿಲ್ಲೆ ಅದು. ಖರ್ ಮನೆತನಕ್ಕೆ ಅಲ್ಲಿ ಭಾರಿ ಜಮೀನು. ಇದೇ ಮನೆತನದ ಗುಲಾಮ್ ಮುಸ್ತಫಾ ಖರ್ 1970ರ ದಶಕದಲ್ಲಿ ಝುಲ್ಫಿಕರ್ ಅಲಿ ಭುಟ್ಟೊ ಅವರ ಬಲಗೈ ಆಗಿದ್ದವರು, ಪಂಜಾಬಿನ ಗವರ್ನರ್ ಮತ್ತು ಮುಖ್ಯಮಂತ್ರಿ ಆಗಿದ್ದವರು. ಅಪ್ಪನಿಗೆ ಡಿಗ್ರಿ ಇಲ್ಲ. ಮಗಳು ಲಾಹೋರಿನಲ್ಲಿ ಪದವಿ ಮುಗಿಸಿ, ಅಮೆರಿಕದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದಿದ್ದಳು. ಸೀಟು ಮನೆಯಲ್ಲೇ ಉಳಿಯಬೇಕಿತ್ತು. ಉಳಿಯಿತು.

ಪ್ರಚಾರ ಹೇಗಿತ್ತು ನೋಡಿ. ಭಾಷಣ ಮಾಡಿದ್ದು ಅಪ್ಪ. ಪೋಸ್ಟರ್‌ಗಳಲ್ಲಿ ಇದ್ದದ್ದೂ ಅಪ್ಪನ ಫೋಟೋ. ಅಭ್ಯರ್ಥಿಯ ಮುಖ ಗೋಡೆಯ ಮೇಲೆ ಇರಲಿಲ್ಲ. ಜನ ಓಟು ಹಾಕಿದ್ದು ಯಾರಿಗೆ? ಇದೇ ನಿಮ್ಮ ಲೇಖನದ ಆರಂಭ ಆಗಬೇಕು. ಮುಖವೇ ಇಲ್ಲದ ಪೋಸ್ಟರ್‌ನಿಂದ ಗೆದ್ದ ಹೆಣ್ಣುಮಗಳ ಮುಖವನ್ನು ಒಂಬತ್ತು ವರ್ಷಗಳ ಮೇಲೆ ಎರಡು ದೇಶಗಳ ಟಿವಿಗಳು ಬಿಡದೆ ತೋರಿಸಿದವು. ಎರಡು ಸಲವೂ ಅವರು ಏನು ಹೇಳುತ್ತಾರೆ ಅಂತ ಕೇಳಿದವರು ಕಡಿಮೆ. ನೀವು ಹೆಣ್ಣಿನ ಬಗ್ಗೆ ಏನೋ ಹೇಳಬೇಕೆಂದು ಹೊರಟಿದ್ದೀರಿ ಅಲ್ವಾ, ಅದು ಇಲ್ಲಿದೆ. "ಪುರುಷ ಪ್ರಧಾನ ಸಮಾಜದ ಸಂಕೋಲೆ" ಅನ್ನುವ ಸಾಲಿನಲ್ಲಿ ಇಲ್ಲ.

ಆ ಸೀಟಿನ ಮುಂದಿನ ಕಥೆಯನ್ನೂ ಹಿಂಬಾಲಿಸಿ. 2008ರಲ್ಲಿ ಹಳೇ ಪಕ್ಷ ಟಿಕೆಟ್ ಕೊಡಲಿಲ್ಲ, ಹಿನಾ ಭುಟ್ಟೊ ಮನೆತನದ ಪೀಪಲ್ಸ್ ಪಾರ್ಟಿಗೆ ಹೋದರು, ಮತ್ತೆ ಗೆದ್ದರು. ಅದೇ ವರ್ಷ ಸುಪ್ರೀಂ ಕೋರ್ಟ್ ಡಿಗ್ರಿ ನಿಯಮವನ್ನು ತೆಗೆದುಹಾಕಿತು. 2013ರ ಚುನಾವಣೆಗೆ ಹಿನಾ ನಿಲ್ಲಲಿಲ್ಲ, ಅಪ್ಪ ನಿಂತರು. ದೇಶದ ವಿದೇಶಾಂಗ ಸಚಿವೆಯಾಗಿದ್ದವರು ಊರಿನ ಸೀಟನ್ನು ಅಪ್ಪನಿಗೆ ಬಿಟ್ಟುಕೊಟ್ಟರು! ಅಪ್ಪ ಸೋತದ್ದು ಜಮ್ಶೇದ್ ದಸ್ತಿ ಎಂಬುವರ ಎದುರು. ಈ ದಸ್ತಿ ಜಮೀನ್ದಾರರ ವಿರುದ್ಧ ಮಾತಾಡಿಯೇ ಬೆಳೆದ ಮನುಷ್ಯ. ನಿಯಮ ಇನ್ನೂ ಇದ್ದಾಗ ನಡೆದ 2008ರ ಚುನಾವಣೆಗೆ ತೋರಿಸಿದ್ದ ಡಿಗ್ರಿ ನಕಲಿ ಎಂಬ ಆರೋಪದಲ್ಲಿ 2010ರಲ್ಲಿ ರಾಜೀನಾಮೆ ಕೊಟ್ಟು, ಉಪಚುನಾವಣೆಯಲ್ಲಿ ಮತ್ತೆ ಗೆದ್ದು ಬಂದವರು. ಅದೇ ಡಿಗ್ರಿ ನಿಯಮ ಮಗಳನ್ನು ಸಂಸತ್ತಿಗೆ ಕಳಿಸಿತು, ದಸ್ತಿಯನ್ನು ಮುಗ್ಗರಿಸಿತು. ಕೊನೆಗೆ ಅವರೇ ಅಪ್ಪನನ್ನು ಸೋಲಿಸಿದರು. ದಸ್ತಿ ಎರಡು ಕಡೆ ಗೆದ್ದಿದ್ದರಿಂದ ಈ ಸೀಟು ಬಿಟ್ಟರು, ಉಪಚುನಾವಣೆಯಲ್ಲಿ ಅಪ್ಪ ಅದನ್ನು ವಾಪಸ್ ಪಡೆದರು. 2018ರಲ್ಲಿ ಸಹೋದರ ರಜಾ ಜಿಲ್ಲೆಯಿಂದ ಗೆದ್ದರು. ಹಿನಾ ಬಂದದ್ದು ಮಹಿಳಾ ಮೀಸಲು ಸೀಟಿನಿಂದ. ಆ ಸೀಟಿಗೆ ಜನ ನೇರವಾಗಿ ಓಟು ಹಾಕುವುದಿಲ್ಲ, ಪಕ್ಷದ ಪಟ್ಟಿಯಲ್ಲಿ ಹೆಸರಿರಬೇಕು. ಎರಡು ಸಲ ಜನರಿಂದ ಆಯ್ಕೆಯಾದವರು ಪಟ್ಟಿಗೆ ಬಂದು ನಿಂತರು. ಇದನ್ನು ಓದುಗರಿಗೆ ಬಿಡಿಸಿ ಹೇಳಿ. ಟೀಕೆ ಮಾಡುವುದೇ ಬೇಕಾಗಿಲ್ಲ, ಕ್ರಮವಾಗಿ ಹೇಳಿದರೆ ಸಾಕು.

ಹಾಗಾದರೆ ಅವರು ಬರೀ ಮನೆತನದ ಪ್ರತಿನಿಧಿಯಾ? ಅಲ್ಲ. ಇನ್ನೊಂದು ತುದಿಗೂ ಹೋಗಬೇಡಿ. 2009ರಲ್ಲಿ ಬಜೆಟ್ ಮಂಡಿಸಿದರು, ಪಾಕಿಸ್ತಾನದ ಸಂಸತ್ತಿನಲ್ಲಿ ಒಬ್ಬ ಮಹಿಳೆ ಬಜೆಟ್ ಮಂಡಿಸಿದ್ದು ಅದೇ ಮೊದಲು. 2011ರ ನವೆಂಬರ್‌ನಲ್ಲಿ ಸಲಾಲಾ ಎಂಬ ಗಡಿ ಠಾಣೆಯ ಮೇಲೆ ಅಮೆರಿಕ ಮುಂದಾಳಾಗಿರುವ ಸೇನಾ ಒಕ್ಕೂಟ ನೇಟೋದ ದಾಳಿಯಾಗಿ 24 ಪಾಕಿಸ್ತಾನಿ ಸೈನಿಕರು ಸತ್ತರು. ಅಫ್ಘಾನಿಸ್ತಾನಕ್ಕೆ ಹೋಗುವ ನೇಟೋ ಲಾರಿಗಳ ದಾರಿಯನ್ನು ಪಾಕಿಸ್ತಾನ ಏಳು ತಿಂಗಳು ಮುಚ್ಚಿತು. 2012ರ ಜುಲೈಯಲ್ಲಿ ಅಮೆರಿಕದ ಆಗಿನ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಹಿನಾಗೆ ಫೋನ್ ಮಾಡಿ, ಸೈನಿಕರ ಸಾವಿಗೆ ವಿಷಾದ ಹೇಳಿದ ಮೇಲೆಯೇ ದಾರಿ ತೆರೆದದ್ದು. ಆ ದೇಶದಲ್ಲಿ ಇಂಥ ತೀರ್ಮಾನಗಳಲ್ಲಿ ಸೇನೆಯ ಮಾತೇ ಜಾಸ್ತಿ ನಡೆಯುತ್ತದೆ, ಅದನ್ನೂ ಬರೆಯಿರಿ. ಹಿನಾ ಎಷ್ಟು ತೀರ್ಮಾನಿಸಿದರು, ಎಷ್ಟನ್ನು ತಲುಪಿಸಿದರು ಎಂಬ ಪ್ರಶ್ನೆಯನ್ನು ತೆರೆದಿಟ್ಟೇ ಬರೆಯಬಹುದು.

2022ರ ಭಾಗ ನಿಮ್ಮಲ್ಲಿ ಇಲ್ಲವೇ ಇಲ್ಲ. ಆಗ ಅವರು ಮತ್ತೆ ವಿದೇಶಾಂಗ ಖಾತೆಗೆ ಬಂದರು, ಈ ಸಲ ರಾಜ್ಯ ಸಚಿವೆಯಾಗಿ. ಮೇಲಿನ ಕುರ್ಚಿಯಲ್ಲಿ ಬಿಲಾವಲ್ ಭುಟ್ಟೊ, ಬೇನಜೀರ್ ಮಗ, ಹಿನಾಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು. ಆ ಕುರ್ಚಿಯಲ್ಲಿ ಹಿಂದೆ ಕೂತಿದ್ದವರು ಹಿನಾ. ಜಿಲ್ಲೆಯ ಮನೆತನಕ್ಕಿಂತ ದೇಶದ ಮನೆತನ ದೊಡ್ಡದು ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದಿಲ್ಲ. ಆದರೆ ಕೆಲಸ ನಿಲ್ಲಲಿಲ್ಲ. ಭಯೋತ್ಪಾದನೆಗೆ ಹಣ ಹೋಗುವುದನ್ನು ತಡೆಯುವ ಎಫ್‌ಎಟಿಎಫ್ ಸಂಸ್ಥೆಯ ಗ್ರೇ ಲಿಸ್ಟ್‌ನಿಂದ, ಅಂದರೆ ನಿಗಾದಲ್ಲಿರುವ ದೇಶಗಳ ಪಟ್ಟಿಯಿಂದ, ನಾಲ್ಕು ವರ್ಷಗಳ ಮೇಲೆ ಪಾಕಿಸ್ತಾನ ಹೊರಬಂದದ್ದು ಆ ಅಕ್ಟೋಬರ್‌ನಲ್ಲಿ. ನಿಯೋಗದ ಮುಂದಾಳು ಇವರೇ.

ನವೆಂಬರ್ 29ಕ್ಕೆ ಅವರು ಕಾಬೂಲಿಗೆ ಹೋದರು. ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ಬಾಗಿಲು ಮುಚ್ಚಿದ್ದ ತಾಲಿಬಾನ್ ಸರ್ಕಾರದ ಮಂತ್ರಿಗಳು ಒಬ್ಬ ಹೆಣ್ಣುಮಗಳು ಮುಂದಾಳಾಗಿದ್ದ ನಿಯೋಗದ ಎದುರು ಕೂತು ಮಾತಾಡಬೇಕಾಯಿತು. ಹಿಂದಿನ ದಿನವಷ್ಟೇ, ಪಾಕಿಸ್ತಾನ ಸರ್ಕಾರದ ವಿರುದ್ಧ ಹೋರಾಡುವ ಪಾಕಿಸ್ತಾನಿ ತಾಲಿಬಾನ್ ಎಂಬ ಬೇರೆ ಗುಂಪು ಕದನವಿರಾಮ ಮುಗಿಯಿತೆಂದು ಸಾರಿತ್ತು. ಹಿನಾ ಅಲ್ಲಿ ಅಫ್ಘಾನ್ ಮಹಿಳಾ ಉದ್ಯಮಿಗಳನ್ನೂ ಕಂಡರು. ಮೂರು ವಾರದಲ್ಲಿ ತಾಲಿಬಾನ್ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯವನ್ನೂ ಮುಚ್ಚಿತು. ಡಿಗ್ರಿ ಇದ್ದದ್ದರಿಂದಲೇ ರಾಜಕೀಯಕ್ಕೆ ಬಂದ ಹೆಣ್ಣು ಇವರು, ನೆನಪಿರಲಿ.

ಭಾಷೆ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ಕೈ ಚೆನ್ನಾಗಿದೆ. "ಅಪ್ರತಿಮ", "ಅನನ್ಯ" ಥರದ ಪದಗಳನ್ನು ಹೊಡೆದುಹಾಕಿ, ಆ ಜಾಗದಲ್ಲಿ ಇಸವಿ ಬರೆಯಿರಿ. ಕೊನೆಯ ಪ್ಯಾರಾ, "ಇಂಥ ಮಹಿಳೆಯರು ಎಲ್ಲರಿಗೂ ಸ್ಫೂರ್ತಿ", ಬೇಡ. ಈಗ ಅವರು ಮತ್ತೆ ಮೀಸಲು ಸೀಟಿನಿಂದಲೇ ಸಂಸತ್ತಿನಲ್ಲಿದ್ದಾರೆ, 2024ರ ಚುನಾವಣೆಯ ನಂತರ ವಿದೇಶಾಂಗ ಸ್ಥಾಯಿ ಸಮಿತಿಯ ಅಧ್ಯಕ್ಷೆಯೂ ಆದರು. ಅಲ್ಲಿಗೆ ನಿಲ್ಲಿಸಿ.

ಇಡೀ ಲೇಖನ ತಿದ್ದುವ ಆತುರ ಬೇಡ. 2002ರ ಚುನಾವಣೆಯ ಭಾಗವನ್ನಷ್ಟೇ ಮೊದಲು ಬರೆದು ಕಳಿಸಿ, ಓದಿ ಫೋನ್ ಮಾಡುತ್ತೇನೆ.