ಗ್ರೇಟ್ ಓಷನ್ ರಸ್ತೆಯಲ್ಲಿ ಒಂದು ದಿನ

ಪ್ರಶ್ನೆ: ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ಬೈಕ್ ಓಡಿಸಿ ನನಗೆ ಅಭ್ಯಾಸವಿದೆ. ಜೂನ್‌ನಲ್ಲಿ ಮೆಲ್ಬರ್ನ್‌ನ ಮಗಳ ಮನೆಗೆ ಹೋಗುವಾಗ, ಗ್ರೇಟ್ ಓಷನ್ ರಸ್ತೆಯನ್ನು ಬಾಡಿಗೆ ಬೈಕಿನಲ್ಲಿ ಒಂದೇ ದಿನದಲ್ಲಿ ಮುಗಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮುಗಿಸಬಹುದು, ಆದರೆ ಮುಗಿಸಲು ಹೊರಡಬೇಡಿ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಬೆಟ್ಟದಂಚನ್ನು ಕಡಿದು ನಿರ್ಮಿಸಿದ ಈ ರಸ್ತೆ ಟಾರ್ಕಿಯಿಂದ ಆಲನ್ಸ್‌ಫರ್ಡ್‌ವರೆಗೆ 243 ಕಿ.ಮೀ. ಉದ್ದವಿದೆ. ಜೂನ್ ಅಲ್ಲಿ ಚಳಿಗಾಲ. ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಮಳೆಯೂ ಸಾಮಾನ್ಯ. ಆದ್ದರಿಂದ ಅಪೊಲೊ ಬೇ ಊರಿನಲ್ಲಿ ರಾತ್ರಿ ತಂಗುವುದು ಲೇಸು.

ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರ. ಟಾರ್ಕಿಯಿಂದ ಪಶ್ಚಿಮಕ್ಕೆ ಸಾಗಿದರೆ ಸಮುದ್ರ ನಿಮ್ಮ ಎಡಕ್ಕೇ ಇರುವುದರಿಂದ, ಎದುರು ಬರುವ ವಾಹನಗಳನ್ನು ದಾಟದೆಯೇ ನೋಟದ ತಾಣಗಳಲ್ಲಿ ನಿಲ್ಲಬಹುದು. ಲೋರ್ನ್‌ನಿಂದ ಅಪೊಲೊ ಬೇವರೆಗಿನ ಸುಮಾರು 45 ಕಿ.ಮೀ. ತಿರುವುಗಳೇ ಈ ಪಯಣದ ತಿರುಳು; ನಡುವೆ ಕೆನೆಟ್ ರಿವರ್‌ನಲ್ಲಿ ನೀಲಗಿರಿ ಮರಗಳ ಮೇಲೆ ಕೋಆಲಾಗಳು ತೂಕಡಿಸುತ್ತಿರುತ್ತವೆ. ಮರುದಿನ ಮೈಟ್ಸ್ ರೆಸ್ಟ್‌ನ ಮಳೆಕಾಡಿನಲ್ಲಿ ಆಳೆತ್ತರದ ಜರಿಗಿಡಗಳ ನಡುವೆ ನಡೆದಾಗ, ಬಹುಶಃ ಜಿಗಣೆಗಳ ಸಮೇತ, ನಿಮಗೆ ಆಗುಂಬೆಯೇ ನೆನಪಾದೀತು.

ಹೊರಡುವ ಮುನ್ನ ಶಿವಮೊಗ್ಗದ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆದು, ಅದರಲ್ಲಿ ಮೋಟಾರ್‌ಸೈಕಲ್ ವರ್ಗ ನಮೂದಾಗಿದೆಯೇ ಎಂದು ನೋಡಿಕೊಳ್ಳಿ.